ಹುಳುವಿಗೆ ಎಣಿಸುವ ದಿನವನ್ನು ಟೊಮೆಟೊಗೂ ಎಣಿಸಬೇಕು

ಪ್ರಶ್ನೆ: ಸಾರ್, ನಾನು ಚಿಂತಾಮಣಿ ತಾಲ್ಲೂಕಿನವಳು. ನಮಗೆ ಎರಡು ಎಕರೆ ಟೊಮೆಟೊ, ಒಂದು ಎಕರೆ ಹಿಪ್ಪುನೇರಳೆ ಇದೆ. ತೋಟದ ಮೂಲೆಯಲ್ಲಿ ನಾಲ್ಕು ಸಾಲು ಟೊಮೆಟೊಗೆ ಔಷಧಿ ಹೊಡೆಯುವುದಿಲ್ಲ. ಅದು ಮನೆಗೆ. ಮಿಕ್ಕಿದ್ದೆಲ್ಲ ಮಂಡಿಗೆ. ಮೊನ್ನೆ ಮಗಳು 'ಅಮ್ಮ, ಆ ಕಡೆ ಹಣ್ಣು ಯಾರು ತಿಂತಾರೆ?' ಅಂತ ಕೇಳಿದಳು. ನನಗೆ ಉತ್ತರ ಹೇಳಲು ಆಗಲಿಲ್ಲ. ಮಾರ್ಕೆಟ್‌ನಲ್ಲಿ ಇದನ್ನೆಲ್ಲ ಯಾರೂ ಪರೀಕ್ಷೆ ಮಾಡುವುದಿಲ್ಲವಾ? ಎಷ್ಟು ಔಷಧಿ ಉಳಿದಿದ್ದರೆ ತಪ್ಪು? ಉಪ್ಪು ನೀರಲ್ಲಿ ತೊಳೆದರೆ ಹೋಗುತ್ತದಾ? ನಮ್ಮ ಹಣ್ಣನ್ನು ನಾವೇ ಟೆಸ್ಟ್ ಮಾಡಿಸಬಹುದಾ? (ಹೆಸರು ಹಾಕಬೇಡಿ.)

ಉತ್ತರ: ಆ ನಾಲ್ಕು ಸಾಲಿಗಾಗಿ ನಾಚಿಕೊಳ್ಳಬೇಡಿ ಅಮ್ಮ. ಔಷಧಿ ಉಳಿಕೆ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಸ್ಯಾಂಪಲ್‌ಗೆಂದು ಕೋಲಾರ, ಚಿಕ್ಕಬಳ್ಳಾಪುರ ಸುತ್ತಿದಾಗೆಲ್ಲ ಇಂಥ ಸಾಲುಗಳನ್ನು ನೋಡಿದ್ದೇನೆ. ತೋರಿಸುವಾಗ ಎಲ್ಲರೂ ಸ್ವಲ್ಪ ತಲೆ ತಗ್ಗಿಸುತ್ತಾರೆ. ಅಪಾಯ ಇದೆ ಅಂತ ನಿಮ್ಮ ಮನೆಗೆ ಗೊತ್ತಿದೆ. ಉಳಿದ ಹಣ್ಣಿಗೆ ಏನು ಮಾಡಬೇಕು ಅಂತ ಯಾರೂ ಕೂತು ಹೇಳಿಲ್ಲ, ಅಷ್ಟೇ.

ನಿಮಗೆ ಹಿಪ್ಪುನೇರಳೆಯೂ ಇದೆ ಅಂತ ಬರೆದಿದ್ದೀರಿ. ನಾನೂ ಶಿಡ್ಲಘಟ್ಟದ ಕಡೆಯವನು, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವನು. ಸೊಪ್ಪಿಗೆ ಔಷಧಿ ಹೊಡೆದ ದಿನ ನಮ್ಮಮ್ಮ ಹುಳುಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಆಮೇಲೆ ದಿನಕ್ಕೊಂದು ಗೀಟು. ಲೆಕ್ಕದ ಗೀಟು ಮುಗಿಯುವವರೆಗೆ ಆ ತೋಟದ ಒಂದು ಎಲೆಯೂ ತಟ್ಟೆಗೆ ಬೀಳುತ್ತಿರಲಿಲ್ಲ. ಸೊಪ್ಪು ಸಾಲದೆ ಹೋದರೆ ಸಾಲ ಮಾಡಿ ಬೇರೆಯವರ ತೋಟದ್ದು ತರುತ್ತಿದ್ದರು. ಒಂದು ಸಲ ಪಕ್ಕದ ದ್ರಾಕ್ಷಿ ತೋಟದಲ್ಲಿ ಹೊಡೆದ ಔಷಧಿ ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಬಂದಿತ್ತು. ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಆ ಸೊಪ್ಪು ತಿಂದು ಬೆಳಗಾಗುವಷ್ಟರಲ್ಲಿ ಹಸಿರು ನೀರು ಕಕ್ಕಿ ಸತ್ತವು. ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕಿದ್ದ ಬೆಳೆಯನ್ನು ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹಾಕಿದೆವು.

ನಿಮ್ಮ ಕಡೆ ದಿನ ಎಣಿಸುವುದನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಹುಳುವಿನ ವಿಷಯದಲ್ಲಿ ತಪ್ಪಿದರೆ ಮರುದಿನವೇ ಗೊತ್ತಾಗುತ್ತದೆ, ನಷ್ಟ ನಮ್ಮದೇ. ಟೊಮೆಟೊ ವಿಷಯದಲ್ಲಿ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಣ್ಣು ಡೆಲ್ಲಿಯಲ್ಲೋ ಚೆನ್ನೈಯಲ್ಲೋ ಯಾರದೋ ಸಾರಿಗೆ ಬೀಳುತ್ತದೆ. ಅಲ್ಲಿಂದ ನಿಮ್ಮ ತೋಟಕ್ಕೆ ಸುದ್ದಿ ವಾಪಸ್ ಬರುವ ದಾರಿಯೇ ಇಲ್ಲ. ನಮ್ಮ ತಪಾಸಣೆ ವ್ಯವಸ್ಥೆಯ ದೊಡ್ಡ ದೋಷ ಇದು ಎಂದು ನನ್ನ ಅನಿಸಿಕೆ.

ಕಾನೂನು ಇಲ್ಲ ಅಂತಲ್ಲ. ಎರಡು ಇವೆ. 1968ರ ಕೀಟನಾಶಕ ಕಾಯ್ದೆ ಔಷಧಿಯ ಮೇಲೆ. ಯಾವ ಔಷಧಿ ಮಾರಬಹುದು, ಯಾವ ಬೆಳೆಗೆ, ಎಷ್ಟು ಪ್ರಮಾಣ, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂಬುದನ್ನೆಲ್ಲ ಫರೀದಾಬಾದ್‌ನಲ್ಲಿರುವ ಕೇಂದ್ರದ ನೋಂದಣಿ ಸಮಿತಿ ತೀರ್ಮಾನಿಸುತ್ತದೆ. 2006ರ ಆಹಾರ ಸುರಕ್ಷತೆ ಕಾಯ್ದೆ ಹಣ್ಣಿನ ಮೇಲೆ. ಯಾವ ಹಣ್ಣಲ್ಲಿ ಯಾವ ಔಷಧಿ ಎಷ್ಟರವರೆಗೆ ಉಳಿದಿರಬಹುದು ಎಂಬ ಮಿತಿಯನ್ನು ಅದರಡಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇಡುತ್ತದೆ. ಅದನ್ನೇ ನಾವು ಎಂಆರ್‌ಎಲ್ ಅನ್ನುತ್ತೇವೆ.

ಈಗ ಒಂದು ವಿಷಯ ಗಮನವಿಟ್ಟು ಓದಿ. ಕೀಟನಾಶಕ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ಒಬ್ಬ ರೈತ ತಾನು ಉಳುವ ಜಮೀನಿಗೆ ಔಷಧಿ ಬಳಸುವುದಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆಹಾರ ಸುರಕ್ಷತೆ ಕಾಯ್ದೆಯ 18ನೇ ಸೆಕ್ಷನ್ ರೈತನನ್ನೂ ಅವನ ಹೊಲದ ಮಟ್ಟದ ಬೆಳೆಯನ್ನೂ ಹೊರಗಿಡುತ್ತದೆ. ಒಂದು ಕಾಯ್ದೆ ಔಷಧಿ ಅಂಗಡಿಯವರೆಗೆ ಬಂದು ನಿಲ್ಲುತ್ತದೆ. ಇನ್ನೊಂದು ಮಂಡಿಯ ಕಡೆಯಿಂದ ಶುರುವಾಗುತ್ತದೆ. ಔಷಧಿ ಹಣ್ಣಿಗೆ ಸೇರುವುದು ಇವೆರಡರ ನಡುವೆ, ನಿಮ್ಮ ತೋಟದಲ್ಲಿ. ರೈತನ ಮೇಲೆ ಕೇಸು ಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಈ ವಿನಾಯಿತಿ ಇರುವುದು ಒಳ್ಳೆಯದೇ. ಆದರೆ ಕಾನೂನು ಬಿಟ್ಟ ಜಾಗಕ್ಕೆ ಸಲಹೆ ಕೊಡುವವರು ಬರಬೇಕಿತ್ತು. ಆ ಜಾಗದಲ್ಲಿ ಬಹುಪಾಲು ಇರುವುದು ಔಷಧಿ ಅಂಗಡಿ.

ಹಾಗಾದರೆ ಮಾರ್ಕೆಟ್‌ನಲ್ಲಿ ಪರೀಕ್ಷೆ ಮಾಡುವುದೇ ಇಲ್ಲವಾ? ಮಾಡುತ್ತಾರೆ. ಎರಡು ಥರ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಒಂದು, ಸಮೀಕ್ಷೆ. ಕೃಷಿ ಸಚಿವಾಲಯ 2005-06ರಿಂದ ದೇಶದ ಮಟ್ಟದಲ್ಲಿ ಇದನ್ನು ನಡೆಸುತ್ತಿದೆ. ಮಾರುಕಟ್ಟೆಯಿಂದ, ಕೆಲವು ಸಲ ತೋಟದಿಂದಲೇ ತರಕಾರಿ, ಹಣ್ಣು, ಹಾಲು, ಅಕ್ಕಿ ತಂದು ಪರೀಕ್ಷಿಸುತ್ತಾರೆ. 2014-15ರಲ್ಲಿ 20,618 ಸ್ಯಾಂಪಲ್ ನೋಡಿದರು. ಶೇ 18.7ರಲ್ಲಿ ಏನಾದರೂ ಔಷಧಿ ಸಿಕ್ಕಿತು. ಮಿತಿ ಮೀರಿದ್ದು ಶೇ 2.6ರಲ್ಲಿ. ಆದರೆ ಶೇ 12.5ರಲ್ಲಿ ಆ ಬೆಳೆಗೆ ಒಪ್ಪಿಗೆಯೇ ಇಲ್ಲದ ಔಷಧಿ ಸಿಕ್ಕಿತು. ಪೇಪರ್‌ನವರು ಮೊದಲೆರಡು ಅಂಕಿಯನ್ನು ದೊಡ್ಡದಾಗಿ ಹಾಕುತ್ತಾರೆ. ನನಗೆ ಮೂರನೆಯದೇ ಮುಖ್ಯ. ಹತ್ತಿಗೆ ಅಂತ ನೋಂದಣಿಯಾದ ಔಷಧಿಯನ್ನು ಹುರುಳಿಕಾಯಿಗೆ ಹೊಡೆಯುವುದು, ಒಂದು ತರಕಾರಿಗೆ ಇರುವುದನ್ನು ಇನ್ನೊಂದಕ್ಕೆ ಬಳಸುವುದು. ಪಕ್ಕದ ತೋಟದವರು ಹೊಡೆದರು, ಹುಳ ಸತ್ತವು, ನಾವೂ ಹೊಡೆದೆವು. ಇದು ಹೀಗೇ ಹಬ್ಬುತ್ತದೆ, ಅಲ್ವಾ?

ಈ ಸಮೀಕ್ಷೆಯಿಂದ ನೀತಿ ಮಾಡುವವರಿಗೆ ಉಪಯೋಗ ಇದೆ. ಯಾವ ಔಷಧಿ ಎಲ್ಲಿ ತಪ್ಪಾಗಿ ಬಳಕೆಯಾಗುತ್ತಿದೆ ಅಂತ ಗೊತ್ತಾಗುತ್ತದೆ. ಆದರೆ ಆ ಹಣ್ಣು ಬೆಳೆದವರಿಗೆ ಪತ್ರ ಹೋಗುವುದಿಲ್ಲ. ತಿಂದವರಿಗೂ ಹೋಗುವುದಿಲ್ಲ.

ಇನ್ನೊಂದು, ಕಾನೂನಿನ ಸ್ಯಾಂಪಲ್. ಆಹಾರ ಸುರಕ್ಷತಾಧಿಕಾರಿ ಅಂಗಡಿಯಿಂದಲೋ ಮಂಡಿಯಿಂದಲೋ ತೆಗೆದುಕೊಳ್ಳುವುದು. ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ವರದಿಗೆ 14 ದಿನ ಸಮಯ ಇದೆ. ಎಣ್ಣೆ, ಬೇಳೆಗೆ ಇದು ಸರಿಹೋಗುತ್ತದೆ. ಟೊಮೆಟೊ 14 ದಿನದಲ್ಲಿ ಎಲ್ಲಿರುತ್ತದೆ? ಬೆಳಿಗ್ಗೆ ಹರಾಜಾದ ಬಾಕ್ಸ್ ಸಂಜೆಗೆ ಲಾರಿ ಹತ್ತಿರುತ್ತದೆ. ಹತ್ತು ರೈತರ ಹಣ್ಣು ಸೇರಿ ಸೈಜ್ ಪ್ರಕಾರ ಬೇರೆಯಾಗಿ ಮತ್ತೆ ಪ್ಯಾಕ್ ಆಗಿರುತ್ತದೆ. ವರದಿ ಬಂದಾಗ ತಪ್ಪು ಯಾರ ತೋಟದ್ದು ಅಂತ ಹುಡುಕಲು ದಾರಿ ಉಳಿದಿರುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ದೇಶದಲ್ಲೇ ಇದೆ. ಯುರೋಪಿಗೆ ಹೋಗುವ ದ್ರಾಕ್ಷಿಗೆ 2006ರಿಂದ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ಇದೆ. ರಫ್ತು ನೋಡಿಕೊಳ್ಳುವ ಅಪೆಡಾ ಅದನ್ನು ನಡೆಸುತ್ತದೆ. ಪ್ರತಿ ತೋಟಕ್ಕೂ ನೋಂದಣಿ ಸಂಖ್ಯೆ. ಹಣ್ಣು ಬಳ್ಳಿಯಲ್ಲಿ ಇರುವಾಗಲೇ ಲ್ಯಾಬ್‌ನವರು ಬಂದು ಸ್ಯಾಂಪಲ್ ತೆಗೆಯುತ್ತಾರೆ. ಪಾಸಾದರೆ ಮಾತ್ರ ಆ ತೋಟದ ಹಣ್ಣು ರಫ್ತಿಗೆ ಹೋಗುತ್ತದೆ. ಹೀಗಿದ್ದೂ 2010ರಲ್ಲಿ ಪೆಟ್ಟು ಬಿತ್ತು. ಬಳ್ಳಿಯ ಬೆಳವಣಿಗೆ ಹಿಡಿದಿಡಲು ಬಳಸುವ ಕ್ಲೋರ್‌ಮೆಕ್ವಾಟ್ ಸಿಕ್ಕಿ ನಮ್ಮ ದ್ರಾಕ್ಷಿಯ ಕಂಟೇನರ್‌ಗಳನ್ನು ಯುರೋಪಿನಲ್ಲಿ ತಡೆದರು. ಪರೀಕ್ಷೆಯ ಪಟ್ಟಿ ಚಿಕ್ಕದಾಗಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮಂಥ ಲ್ಯಾಬ್‌ನವರು ಅಲ್ಲಿಂದ ಕಲಿತೆವು. ಹುಡುಕದೇ ಇದ್ದ ಔಷಧಿ ವರದಿಯಲ್ಲಿ ಬರುವುದಿಲ್ಲ.

ದೂರದ ದೇಶದವರಿಗೆ ಮಾಡುವ ಈ ಕೆಲಸವನ್ನು ಕೋಲಾರದ ಎಪಿಎಂಸಿಗೆ ಬರುವ ಟೊಮೆಟೊಗೆ, ಶ್ರೀನಿವಾಸಪುರದ ಮಾವಿಗೆ ಮಾಡಲು ಆಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಎಲ್ಲ ತೋಟಕ್ಕೂ ಬೇಡ. ದಿನಕ್ಕೆ ಕೆಲವು ತೋಟ, ಕೊಯ್ಲಿಗೆ ಮುಂಚೆ. ವರದಿ ಮೊದಲು ರೈತನ ಕೈಗೆ ಹೋಗಬೇಕು, ದಂಡದ ನೋಟಿಸಾಗಿ ಅಲ್ಲ, 'ಇದು ಉಳಿದಿದೆ, ಇನ್ನು ನಾಲ್ಕು ದಿನ ಕಾಯಿರಿ' ಅಂತ.

ಎಷ್ಟಿದ್ದರೆ ತಪ್ಪು ಅಂತ ಕೇಳಿದ್ದೀರಿ. ಮಿತಿಯನ್ನು ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ ಬರೆಯುತ್ತಾರೆ. ಒಂದು ಔಷಧಿಗೂ ಬೆಳೆಗೂ ಪ್ರತ್ಯೇಕ ಮಿತಿ ಇಟ್ಟಿಲ್ಲದಿದ್ದರೆ ಸಾಮಾನ್ಯವಾಗಿ 0.01 ಮಿಲಿಗ್ರಾಂ ಅಂತ ಹಿಡಿಯುತ್ತಾರೆ. ಅದು ಎಷ್ಟು ಕಡಿಮೆ ಅಂದರೆ, 10 ಟನ್ ಟೊಮೆಟೊ ತುಂಬಿದ ಲಾರಿಯಲ್ಲಿ ಎಲ್ಲ ಸೇರಿ 100 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಒಪ್ಪಿಗೆ ಇಲ್ಲದ ಔಷಧಿ ಹೊಡೆದವರು ಬೇಗ ಸಿಕ್ಕಿಬೀಳುವುದು ಇದರಿಂದಲೇ.

ಆದರೆ ಮಿತಿ ಮೀರಿದ್ದೆಲ್ಲ ವಿಷ, ಮಿತಿಯೊಳಗಿದ್ದದ್ದೆಲ್ಲ ಅಮೃತ ಅಂತ ತಿಳಿಯಬೇಡಿ. ಲೇಬಲ್‌ನಲ್ಲಿ ಹೇಳಿದಂತೆ ಹೊಡೆದು, ಹೇಳಿದಷ್ಟು ದಿನ ಕಾದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಹೊಲದಲ್ಲಿ ಪ್ರಯೋಗ ಮಾಡಿ ನೋಡಿ ಮಿತಿ ಇಡುತ್ತಾರೆ. ಮಿತಿ ಮೀರಿದೆ ಎಂದರೆ ದಿನ ಎಣಿಸಿಲ್ಲ ಅಥವಾ ಪ್ರಮಾಣ ಜಾಸ್ತಿ ಆಗಿದೆ ಅಂತ ಅರ್ಥ. ಆರೋಗ್ಯದ ಲೆಕ್ಕ ಬೇರೆ. ಒಬ್ಬ ಮನುಷ್ಯ ಜೀವನಪೂರ್ತಿ ದಿನಾ ತಿಂದರೂ ತೊಂದರೆ ಆಗದ ಪ್ರಮಾಣ ಅಂತ ಒಂದಿದೆ. ಪ್ರಾಣಿಗಳ ಮೇಲೆ ಏನೂ ಕೆಡುಕು ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ ಅದನ್ನು ಇಡುತ್ತಾರೆ.

ಲೆಕ್ಕ ಹಾಕಿ ತೋರಿಸುತ್ತೇನೆ. 15 ಕಿಲೋ ತೂಕದ ಮಗು. ಬಿಳಿನೊಣಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್‌ಗೆ ಈ ಪ್ರಮಾಣ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 0.06 ಮಿಲಿಗ್ರಾಂ. ಮಗುವಿಗೆ 0.9 ಮಿಲಿಗ್ರಾಂ ಆಯಿತು. ಹಣ್ಣಲ್ಲಿ ಕಿಲೋಗೆ 1 ಮಿಲಿಗ್ರಾಂ ಉಳಿದಿದೆ ಎಂದಿಟ್ಟುಕೊಳ್ಳಿ. ಆ ಮಗು ದಿನಾ 900 ಗ್ರಾಂ ಟೊಮೆಟೊ ತಿಂದರೆ ಗೆರೆ ಮುಟ್ಟುತ್ತದೆ. ಈಗ ಮೊನೊಕ್ರೊಟೊಫಾಸ್ ತೆಗೆದುಕೊಳ್ಳಿ. ಅದಕ್ಕೆ ಪ್ರಮಾಣ 0.0006. ಮಗುವಿಗೆ 0.009 ಮಿಲಿಗ್ರಾಂ. ಹಣ್ಣಲ್ಲಿ ಕಿಲೋಗೆ ಬರೀ 0.1 ಮಿಲಿಗ್ರಾಂ ಉಳಿದಿದ್ದರೂ 90 ಗ್ರಾಂಗೆ ಗೆರೆ ಬಂತು. ಅಂದರೆ ಒಂದು ಟೊಮೆಟೊ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರಲ್ಲ, ಅಡುಗೆಗೆ ಬೆರೆತಿದ್ದದ್ದು ಇದೇ ಔಷಧಿ. ಅದು ಉಳಿಕೆಯಲ್ಲ, ನೇರ ವಿಷ. ಆದರೆ ಯಾವ ಜಾತಿಯ ಔಷಧಿ ಅಂತ ತಿಳಿಯಲು ಹೇಳಿದೆ. 2005ರಲ್ಲೇ ತರಕಾರಿ ಮೇಲೆ ಇದನ್ನು ಬಳಸಬಾರದು ಅಂತ ಆದೇಶ ಆಗಿತ್ತು. 2023ರಲ್ಲಿ 36 ಎಸ್‌ಎಲ್ ಎಂಬ ದ್ರವ ರೂಪವನ್ನೇ ನಿಷೇಧಿಸುವ ಆದೇಶ ಬಂತು. ನಿಮ್ಮ ಪಂಪ್‌ಸೆಟ್ ಮನೆಯ ಅಟ್ಟದಲ್ಲಿ ಹಳೇ ಡಬ್ಬ ಇದ್ದರೆ ಮುಟ್ಟಬೇಡಿ, ಮೋರಿಗೂ ಸುರಿಯಬೇಡಿ. ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಡಬ್ಬದ ಮೇಲಿನ ತ್ರಿಕೋನ ನೋಡಿ 'ಹಸಿರು ಇದೆ, ಏನೂ ಆಗಲ್ಲ' ಅನ್ನುವವರು ತುಂಬ ಜನ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ಹೇಳುವುದು ಒಂದೇ ಸಲಕ್ಕೆ ಮೈಗೆ ಸೇರಿದರೆ ಎಷ್ಟು ವಿಷ ಎಂಬುದನ್ನು ಮಾತ್ರ. ಹಣ್ಣಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದಕ್ಕೂ ಆ ಬಣ್ಣಕ್ಕೂ ಸಂಬಂಧ ಇಲ್ಲ.

ತೊಳೆಯುವ ವಿಷಯ. ಔಷಧಿ ಎರಡು ಬಗೆ. ಮೇಲೇ ಕೂರುವುದು, ಒಳಗೆ ಇಳಿಯುವುದು. ಮೇಲೆ ಕೂತದ್ದು ಹರಿಯುವ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ಒಳ್ಳೆಯ ಭಾಗ ಹೋಗುತ್ತದೆ. ಗಿಡದ ರಸದ ಜೊತೆ ಹಣ್ಣಿಗೆ ಇಳಿದದ್ದು ಉಪ್ಪು, ಹುಣಸೆ, ಅರಿಶಿನ ಯಾವುದಕ್ಕೂ ಬರುವುದಿಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಇದನ್ನು ನೋಡಿದರು. ಅಡುಗೆ ಸೋಡಾ ನೀರಲ್ಲಿ 12ರಿಂದ 15 ನಿಮಿಷ ನೆನೆಸಿದಾಗ ಮೇಲಿನ ಔಷಧಿ ಹೋಯಿತು. ಆದರೆ ಥಯಾಬೆಂಡಜೋಲ್ ಎಂಬ ಔಷಧಿಯ ಶೇ 20ರಷ್ಟು ಅಷ್ಟರಲ್ಲಿ ಸಿಪ್ಪೆಯೊಳಗೆ ಇಳಿದಿತ್ತು. ಅದು ಹೋಗಲಿಲ್ಲ. ಆದ್ದರಿಂದ ತೊಳೆಯಿರಿ, ಕೋಸಿನ ಹೊರಗಿನ ಎಲೆ ತೆಗೆಯಿರಿ, ಸಿಪ್ಪೆ ತೆಗೆಯಬಹುದಾದದ್ದನ್ನು ತೆಗೆಯಿರಿ. ಸೋಪು, ಬಟ್ಟೆ ಪುಡಿ ಬೇಡವೇ ಬೇಡ. ಬೇಯಿಸುವ ಮುಂಚೆಯೇ ತೊಳೆಯಬೇಕು ಎನ್ನಲು ಒಂದು ಕಾರಣ ಇದೆ. ಟೊಮೆಟೊ ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್ ಕಾಯಿಸಿದಾಗ ಒಡೆದು ಇಟಿಯು ಎಂಬ ಇನ್ನೊಂದು ವಸ್ತು ಆಗುತ್ತದೆ. ಅದು ಥೈರಾಯ್ಡ್‌ಗೆ ಒಳ್ಳೆಯದಲ್ಲ. ಹಾಗೆಯೇ, ದ್ರಾಕ್ಷಿ ಮೇಲಿನ ತೆಳು ಬಿಳಿ ಪುಡಿ ನೋಡಿ ಹೆದರಬೇಡಿ. ಅದು ಹಣ್ಣಿನದೇ ಮೇಣ. ನೀಲಿ ಚುಕ್ಕೆ ಇದ್ದರೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣದ್ದಿರಬಹುದು, ಅದು ತೊಳೆದರೆ ಹೋಗುತ್ತದೆ.

ನಿಜವಾದ ತೊಳೆಯುವಿಕೆ ಆಗುವುದು ಗಿಡದ ಮೇಲೆ, ದಿನ ಕಳೆದಂತೆ. ಬಿಸಿಲು, ಗಾಳಿ, ಗಿಡದೊಳಗಿನ ಕ್ರಿಯೆ ಔಷಧಿಯನ್ನು ಒಡೆಯುತ್ತಾ ಹೋಗುತ್ತವೆ. ಹಣ್ಣು ದಪ್ಪ ಆದಂತೆ ಉಳಿದದ್ದೂ ತೆಳುವಾಗುತ್ತದೆ. ಟೊಮೆಟೊಗೆ ಕ್ಲೋರಾಂಟ್ರಾನಿಲಿಪ್ರೋಲ್ ಹೊಡೆದರೆ 3 ದಿನ, ಇಂಡಾಕ್ಸಾಕಾರ್ಬ್ ಹೊಡೆದರೆ 5 ದಿನ ಕಾಯಬೇಕು. ಬೇರೆಯವಕ್ಕೆ ಬೇರೆ. ಡಬ್ಬದ ಜೊತೆ ಮಡಚಿಟ್ಟಿರುವ ಚೀಟಿಯಲ್ಲಿ ಇದು ಇರುತ್ತದೆ, ಕನ್ನಡದಲ್ಲೂ ಇರುತ್ತದೆ. ಅಕ್ಷರ ಸಣ್ಣದು. ನಿಮ್ಮ ಮಗಳ ಕೈಲಿ ಓದಿಸಿ.

ಕಷ್ಟ ಎಲ್ಲಿ ಅಂತ ನನಗೂ ಗೊತ್ತು. ಕೊಯ್ಲು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ನಡುವೆ ಎಲೆ, ಕಾಯಿ ಕೊರೆಯುವ ಟೂಟಾ ಹುಳ ಕಂಡರೆ ಕೈ ಕಟ್ಟಿ ಕೂರಲು ಆಗುವುದಿಲ್ಲ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸ್ 2000 ರೂಪಾಯಿ ದಾಟಿತ್ತು. ಅಂಥ ವಾರದಲ್ಲಿ ಮೂರು ದಿನ ತಡೆಯಿರಿ ಅಂತ ಯಾರಿಗೆ ಹೇಳಲು ಬಾಯಿ ಬರುತ್ತದೆ? ಆದರೆ ಕ್ರಮ ಬದಲಿಸಬಹುದು. ಕೊಯ್ಲಿಗೆ ಮುಂಚಿನ ದಿನ ಹೊಡೆಯುವ ಬದಲು ಕೊಯ್ದ ಸಂಜೆಯೇ ಹೊಡೆಯಿರಿ. ಮುಂದಿನ ಕೊಯ್ಲಿನವರೆಗಿನ ದಿನವೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಹೆಚ್ಚು ದಿನ ಕಾಯಬೇಕಾದ ಔಷಧಿಯನ್ನು ಹೂವಿನ ಹಂತದಲ್ಲೇ ಮುಗಿಸಿ. ಕೊಯ್ಲು ಶುರುವಾದ ಮೇಲೆ ಕಡಿಮೆ ದಿನದ್ದು ಮಾತ್ರ. ಒಂದೇ ಟ್ಯಾಂಕಿಗೆ ಮೂರ್ನಾಲ್ಕು ಬೆರೆಸುವುದನ್ನು ನಿಲ್ಲಿಸಿ.

ಹೊಡೆಯುವುದನ್ನೇ ಕಡಿಮೆ ಮಾಡಲು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಒಂದು ಉಪಾಯ ನಿಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. 25 ದಿನದ ಟೊಮೆಟೊ ಸಸಿ ನೆಡುವಾಗ 40 ದಿನದ ಚೆಂಡು ಹೂವಿನ ಸಸಿ ನೆಡಬೇಕು. ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಚಿಟ್ಟೆ ಚೆಂಡು ಹೂವಿನ ಮೇಲೆ ಮೊಟ್ಟೆ ಇಡಲು ಹೋಗುತ್ತದೆ. ಹೂವನ್ನು ಚಿಕ್ಕಬಳ್ಳಾಪುರಕ್ಕೆ ಹಾಕಿದರೆ ಕಾಸೂ ಬರುತ್ತದೆ. ಟೂಟಾಗೆ ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ, ಬಿಳಿನೊಣಕ್ಕೆ ಹಳದಿ ಅಂಟು ಹಾಳೆ. 'ಬಯೋ' ಅಂತ ಬರೆದು, ನೋಂದಣಿ ಸಂಖ್ಯೆ ಇಲ್ಲದೆ ಮಾರುವ ಬಾಟಲಿ ಮಾತ್ರ ತರಬೇಡಿ. ಅಂಥವುಗಳಲ್ಲಿ ಹೆಸರು ಹೇಳದೆ ರಾಸಾಯನಿಕ ಬೆರೆಸಿರುವುದು ಲ್ಯಾಬ್‌ನಲ್ಲಿ ಸಿಗುತ್ತದೆ. ನೀವು ಹೊಡೆದದ್ದು ಏನು ಅಂತ ನಿಮಗೇ ಗೊತ್ತಿಲ್ಲದಿದ್ದರೆ ದಿನ ಎಣಿಸುವುದು ಹೇಗೆ? ಯಾವುದೇ ತಂದರೂ ಬಿಲ್ ಕೇಳಿ, ಬ್ಯಾಚ್ ನಂಬರ್ ಹಾಕಿಸಿ.

ನೀವು ಕೇಳದ ಒಂದು ಮಾತು. ನಿಮ್ಮ ಯಜಮಾನರು ಹೊಡೆಯುವಾಗ ಮೈಮೇಲೆ ಬೀಳುವುದು, ತಿನ್ನುವವರ ಹೊಟ್ಟೆಗೆ ಹೋಗುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ. ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಬೇಡಿ.

ಟೆಸ್ಟ್ ಮಾಡಿಸಬಹುದಾ? ಖಂಡಿತ. ಆಹಾರ ಸುರಕ್ಷತೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡುಕೊಂಡ ಯಾರಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ನಿಯಮ ಮೀರಿದೆ ಎಂದು ವರದಿ ಬಂದರೆ ಶುಲ್ಕ ವಾಪಸ್ ಸಿಗಬೇಕು. ಜಿಲ್ಲೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಂಕಿತ ಅಧಿಕಾರಿಯ ಕಚೇರಿಯಲ್ಲಿ ಕೇಳಿ. ನೀವು ಬೆಳೆದವರು, ಹಾಗಾಗಿ ಲ್ಯಾಬ್‌ಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ಗೆ ನೇರವಾಗಿ ಕೊಡುವುದು ಸುಲಭ. ಖರ್ಚು ಕೆಲವು ಸಾವಿರ ಆಗುತ್ತದೆ. ಒಬ್ಬರೇ ಮಾಡಿಸುವುದು ಭಾರ. ನಿಮ್ಮ ರೈತ ಉತ್ಪಾದಕರ ಸಂಘವೋ ಸ್ತ್ರೀಶಕ್ತಿ ಗುಂಪೋ ಇದ್ದರೆ ಸೇರಿ ಮಾಡಿಸಿ. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದವರನ್ನೂ ಕೇಳಿ, ಎಲ್ಲಿಗೆ ಕಳಿಸಬೇಕೆಂದು ದಾರಿ ತೋರಿಸುತ್ತಾರೆ. ಕೊಡುವ ಮುಂಚೆ ಲ್ಯಾಬ್‌ನವರಿಗೆ 'ನೀವು ಯಾವ ಯಾವ ಔಷಧಿ ನೋಡುತ್ತೀರಿ, ಪಟ್ಟಿ ಕೊಡಿ' ಅನ್ನಿ. ಪಟ್ಟಿ ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಲ್ಯಾಬ್ ಹುಡುಕಿ.

ಸ್ಯಾಂಪಲ್ ಅಂದರೆ ಒಂದು ಗಿಡದ ಹಣ್ಣಲ್ಲ. ತೋಟದಲ್ಲಿ ಓಡಾಡಿ ಬೇರೆ ಬೇರೆ ಕಡೆಯಿಂದ ಕನಿಷ್ಠ 10 ಹಣ್ಣು, ಒಟ್ಟು 1 ಕಿಲೋಗೆ ಕಡಿಮೆ ಇಲ್ಲದಂತೆ. ತೊಳೆಯಬೇಡಿ, ಒರೆಸಬೇಡಿ, ಕತ್ತರಿಸಬೇಡಿ. ಔಷಧಿ ಮುಟ್ಟಿದ ಕೈಯಲ್ಲಿ ಕೀಳಬೇಡಿ. ಹೊಸ ಕವರ್‌ಗೆ ಹಾಕಿ ಅದೇ ದಿನ ಕಳಿಸಿ. ಸಾಧ್ಯವಾದರೆ ಮನೆಗೆ ಬಿಟ್ಟ ಆ ನಾಲ್ಕು ಸಾಲಿನದ್ದೂ ಬೇರೆ ಕವರ್‌ನಲ್ಲಿ ಕಳಿಸಿ. ಪಕ್ಕದ ಸಾಲಿಗೆ ಹೊಡೆದದ್ದು ಗಾಳಿಗೆ ಅಲ್ಲಿಗೂ ಹೋಗಿರುತ್ತದೆ, ನಮ್ಮ ಹಿಪ್ಪುನೇರಳೆಗೆ ಬಂದ ಹಾಗೆ. ಎಷ್ಟು ಹೋಗಿದೆ ಅಂತ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಇವತ್ತೇ ಒಂದು ನೋಟ್‌ಬುಕ್ ಶುರು ಮಾಡಿ. ಹೊಡೆದ ತಾರೀಖು, ಔಷಧಿ ಹೆಸರು, ಎಷ್ಟು ಎಂಎಲ್, ಎಷ್ಟು ದಿನ ಕಾಯಬೇಕು, ಕೊಯ್ದ ತಾರೀಖು. ಬರೆಯುವ ಕೆಲಸ ಮಗಳಿಗೆ ಕೊಡಿ. ಸ್ಯಾಂಪಲ್ ಕಳಿಸುವಾಗ ಕೊನೆಯ ಎರಡು ಪುಟದ ಫೋಟೋ ಜೊತೆಗಿಡಿ. ಲ್ಯಾಬ್‌ನವರಿಗೆ ಏನನ್ನು ಹುಡುಕಬೇಕು ಅಂತ ಗೊತ್ತಾಗುತ್ತದೆ. ವರದಿ ಬಂದಾಗ ಅದನ್ನೂ ಪುಟದ ಫೋಟೋವನ್ನೂ ನನಗೆ ಕಳಿಸಿ. ಯಾವ ಸಾಲಿನಲ್ಲಿ ಎಷ್ಟು ದಿನ ಕಡಿಮೆ ಬಿತ್ತು ಅಂತ ಕೂತು ನೋಡೋಣ.